ಒಂದು ಅರ್ಧ ಕಾಯ್ತಾ ಇದೆ

ಬೆಳಿಗ್ಗೆ ಆಫೀಸಿನ ಬಾಗಿಲು ತಳ್ಳಿದಾಗಲೇ ಬಣ್ಣದ ವಾಸನೆ ಮೂಗಿಗೆ ಬಡಿದು, ಇವತ್ತು ಏನೋ ಎಡವಟ್ಟಾಗುವುದಿದೆ ಎಂದು ಅವನಿಗೆ ಅನಿಸಿಬಿಟ್ಟಿತ್ತು. ಊಟದ ಕೋಣೆಗೆ ಬಣ್ಣ ಹೊಡೆಯುತ್ತಿದ್ದರು. ಹೊಡೆದುಕೊಳ್ಳಲಿ, ತಾನೇನು ಅಲ್ಲಿ ಕೂತು ಉಣ್ಣುವವನಲ್ಲವಲ್ಲ ಎಂದುಕೊಂಡು ತನ್ನ ಕುರ್ಚಿಗೆ ಹೋಗಿ ಕೂತ. ಆದರೆ ಅಲ್ಲಿ ಕೂತು ಉಣ್ಣುವವರೆಲ್ಲ ಇವತ್ತು ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ ಕಾಡತೊಡಗಿತು. ಅಷ್ಟರಲ್ಲಿ ಫೋನು ಬಂತು. ಲಿಫ್ಟ್ ರಿಪೇರಿ ಕಂಪನಿಯ ದೂರು ವಿಭಾಗ ಅವನದು. ಊರಿನ ಯಾವುದೋ ಕಟ್ಟಡದಲ್ಲಿ, ಯಾವುದೋ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರು ಲಿಫ್ಟಿನೊಳಗಿನ ಕೆಂಪು ಗುಂಡಿ ಒತ್ತಿದರೆ ಆ ಕರೆ ನೇರ ಅವನ ಕಿವಿಗೆ ಬರುತ್ತದೆ. ಗಾಬರಿಯಾಗಬೇಡಿ, ಬಾಗಿಲು ತಳ್ಳಬೇಡಿ, ನಮ್ಮ ಜನ ಆಗಲೇ ಹೊರಟಿದ್ದಾರೆ ಎಂದು ಅವನು ಹೇಳಬೇಕು. ಜನ ಹೊರಟಿರುವುದಿಲ್ಲ. ಮೆಕ್ಯಾನಿಕ್ಕು ಊರಿನ ಇನ್ನೊಂದು ತುದಿಯಲ್ಲಿ ಚಹಾ ಕುಡಿಯುತ್ತಿರುತ್ತಾನೆ, ಇಲ್ಲವೇ ಫೋನನ್ನೇ ಎತ್ತುತ್ತಿರುವುದಿಲ್ಲ. ಆದರೂ ಅವನ ದನಿ ಕೇಳಿದರೆ ಒಳಗೆ ಅಳುತ್ತಿದ್ದವರು ಸುಮ್ಮನಾಗುತ್ತಾರೆ. ಇಷ್ಟು ವರ್ಷಗಳಲ್ಲಿ ಆ ದನಿ ಅವನಿಗೆ ಎಷ್ಟು ರೂಢಿಯಾಗಿದೆಯೆಂದರೆ, ಮನೆಯಲ್ಲಿ ಹೆಂಡತಿ ಏನಾದರೂ ಕೇಳಿದಾಗಲೂ ಅದೇ ದನಿ ಹೊರಡುತ್ತದೆ, ಆಗ ಅವಳು, ಫೋನು ಕೆಳಗಿಟ್ಟು ಮಾತಾಡಿ ಎಂದು ರೇಗುತ್ತಾಳೆ.

ಊಟದ ಹೊತ್ತಿಗೆ, ಅಂದುಕೊಂಡ ಹಾಗೇ, ಮೇಡಂ ಅವನ ಮೇಜಿನ ಹತ್ತಿರ ಬಂದು ನಿಂತರು. ಮೇಡಂ ಅಂದರೆ ಹೊಸದಾಗಿ ಬಂದ ಮ್ಯಾನೇಜರು, ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವರು, ಎಲ್ಲರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವವರು. ದೂರು ವಿಭಾಗಕ್ಕೆ ಒಬ್ಬ ಮುಖ್ಯಸ್ಥನನ್ನು ಅವರು ಆರಿಸುವವರಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಆ ಜಾಗ ತನಗೇ ಸಿಗಬೇಕೆಂದು ಅವನು ಒಳಗೊಳಗೇ ಬೇಯುತ್ತಿದ್ದ. ಹೆಂಡತಿಯಂತೂ ಸಿಕ್ಕೇ ಬಿಟ್ಟಿತೆಂಬಂತೆ ತನ್ನ ಅಣ್ಣನ ಮನೆಯಲ್ಲಿ ಹೇಳಿಕೊಂಡು ಬಂದಿದ್ದಳು. ನೀವು ದಿನಾ ಹೊರಗೆ ಎಲ್ಲಿಗೋ ಹೋಗುತ್ತೀರಲ್ಲ, ಇವತ್ತು ನಾನೂ ಬರುತ್ತೇನೆ, ಅಲ್ಲಿ ಏನು ಚೆನ್ನಾಗಿರುತ್ತೆ ಅಂತ ನೀವೇ ಹೇಳಬೇಕು ಎಂದರು ಮೇಡಂ. ಅದು ಬಹಳ ಚಿಕ್ಕ ಅಂಗಡಿ, ಸರಿಯಾಗಿ ಕೂರಲೂ ಜಾಗವಿಲ್ಲ, ದೊಡ್ಡ ರಸ್ತೆಯಲ್ಲಿ ಒಳ್ಳೆಯದೊಂದಿದೆ, ಗಾಜಿನ ಬಾಗಿಲಿನದು ಎಂದು ಅವನು ಏನೇನೋ ಹೇಳಿ ನೋಡಿದ. ಹೇಳುವಾಗ ದನಿ ಫೋನಿನ ದನಿಯೇ ಆಗಿತ್ತು. ಆದರೆ ಮೇಡಂ ಲಿಫ್ಟಿನಲ್ಲಿ ಸಿಕ್ಕಿಕೊಂಡವರಲ್ಲ, ಚಿಕ್ಕದಾದರೆ ಇನ್ನೂ ಒಳ್ಳೆಯದು ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು.

ಲಿಫ್ಟ್ ಕಂಪನಿಯ ಕಟ್ಟಡಕ್ಕೇ ಲಿಫ್ಟ್ ಇಲ್ಲ. ಇದ್ದರೆ ನೀನು ಅದರಲ್ಲೇ ಸಿಕ್ಕಿಕೊಂಡು ನಿನಗೆ ನೀನೇ ಫೋನ್ ಮಾಡಿಕೊಳ್ಳಬೇಕಾಗಿತ್ತು ಎಂದು ಜಿಪ್ ಅಮ್ಮ ನಗುತ್ತಿರುತ್ತಾಳೆ. ಮೆಟ್ಟಿಲಿನ ಕೆಳಗೆ, ಬೇರೆಯವರಾಗಿದ್ದರೆ ಪೊರಕೆ ಬಕೆಟ್ಟು ಇಟ್ಟುಕೊಳ್ಳುತ್ತಿದ್ದ ಇಳಿಜಾರು ಸಂದಿಯಲ್ಲಿ ಒಂದು ಸ್ಟೂಲು ಹಾಕಿಕೊಂಡು, ಚೀಲ, ಜಾಕೆಟ್ಟು, ಸ್ಕೂಲ್ ಬ್ಯಾಗುಗಳ ಕೆಟ್ಟ ಜಿಪ್ಪು ರಿಪೇರಿ ಮಾಡುವವಳು ಅವಳು. ಎದ್ದರೆ ತಲೆ ಮೆಟ್ಟಿಲಿಗೆ ತಾಗುವುದರಿಂದ ಯಾವಾಗಲೂ ಕೂತೇ ಮಾತಾಡುತ್ತಾಳೆ. ಇವತ್ತು ಅವನು ಮೇಡಂ ಹಿಂದೆ ಇಳಿಯುತ್ತ, ಅವಳು ಅಲ್ಲೇ ಇರಲಿ, ಊಟಕ್ಕೆ ಇನ್ನೂ ಎದ್ದು ಹೋಗಿರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಸ್ಟೂಲು ಖಾಲಿಯಿತ್ತು. ಅದರ ಮೇಲೆ ಮೇಣದ ತುಂಡೂ ಇಕ್ಕಳವೂ ಇದ್ದವು. ಅಂದರೆ ಅವಳು ಆಗಲೇ ಅಂಗಡಿಗೆ ಹೋಗಿದ್ದಾಳೆ, ತನಗಾಗಿ ಕಾಯುತ್ತಿದ್ದಾಳೆ ಎಂದು ತಿಳಿಯಿತು.

ಆ ಅಂಗಡಿ ಹಿಂದಿನ ಬೀದಿಯ ತಿರುವಿನಲ್ಲಿದೆ. ಒಂದು ಗಲ್ಲಾ, ಅದರ ಹಿಂದೆ ಬಾಯಿ ಜೋರಿನ ಒಬ್ಬ ಅಂಗಡಿಯವನು, ಗೋಡೆಗೆ ಹೊಡೆದ ಉದ್ದನೆಯ ಹಲಗೆ, ಹಲಗೆಯ ಮುಂದೆ ನಾಲ್ಕಾರು ಎತ್ತರದ ಸ್ಟೂಲು, ಅಷ್ಟೇ. ಸ್ಯಾಂಡ್‌ವಿಚ್ ದೊಡ್ಡದು, ಅಗ್ಗ, ಒಳಗೆ ತುಂಬಿದ ಮೊಟ್ಟೆಯೋ ಆಲೂಗಡ್ಡೆಯೋ ಎರಡೂ ಬದಿಯಿಂದ ಹೊರಗೆ ಇಣುಕುತ್ತಿರುತ್ತದೆ. ಅರ್ಧ ಬೇಕೆಂದರೆ ಅರ್ಧವನ್ನೂ ಕೊಡುತ್ತಾನೆ, ಆದರೆ ಅದಕ್ಕೊಂದು ಕಟ್ಟಳೆಯಿದೆ. ಇನ್ನೊಂದು ಅರ್ಧಕ್ಕೆ ಗಿರಾಕಿ ಬರುವ ತನಕ ಅವನು ಬ್ರೆಡ್ಡಿಗೆ ಚಾಕು ಹಾಕುವುದಿಲ್ಲ. ಕತ್ತರಿಸಿಟ್ಟ ಬ್ರೆಡ್ಡು ಒಣಗುತ್ತದೆ, ಒಣಗಿದ್ದನ್ನು ನಾನು ಮಾರುವುದಿಲ್ಲ ಎನ್ನುತ್ತಾನೆ. ಹಾಗಾಗಿ ಅರ್ಧದವರು ಖಾಲಿ ತಟ್ಟೆ ಹಿಡಿದು ಜೊತೆಗಾಗಿ ಕಾಯಬೇಕು. ಬಾಗಿಲಲ್ಲಿ ಯಾರಾದರೂ ಕಂಡರೆ ಅಂಗಡಿಯವನು, ಒಂದು ಅರ್ಧ ಕಾಯ್ತಾ ಇದೆ, ಯಾರಾದರೂ ಇದ್ದೀರಾ ಎಂದು ಕೂಗುತ್ತಾನೆ. ಮೊದಲ ಸಲ ಆ ಕೂಗು ಕೇಳಿದಾಗ ಅವನಿಗೆ ಮೈ ಮುದುಡಿಹೋಗಿತ್ತು. ಪೂರ್ತಿ ಕೊಳ್ಳುವ ಶಕ್ತಿ ಇಲ್ಲದವನೇನಲ್ಲ. ತಿಂಗಳ ಸಂಬಳವಿದೆ, ಬ್ಯಾಂಕಿನಲ್ಲಿ ಒಂದಿಷ್ಟಿದೆ. ಆದರೆ ಕೈ ಬಿಚ್ಚುವುದಿಲ್ಲ, ಅಪ್ಪನಿಂದ ಬಂದ ರೋಗ ಅದು. ಬಡತನವಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ, ಇದು ಬರೀ ಜಿಪುಣತನ ಎಂದು ಗೊತ್ತಿರುವುದೇ ಕಷ್ಟ. ಅವತ್ತು ಅವನು ಗೋಡೆ ನೋಡುತ್ತ ನಿಂತಿದ್ದಾಗ ಹಿಂದಿನಿಂದ ಒಂದು ಹೆಂಗಸಿನ ದನಿ, ನಂಗೂ ಅರ್ಧ ಸಾಕು, ಕತ್ತರಿಸಪ್ಪ ಎಂದಿತು. ತಿರುಗಿ ನೋಡಿದರೆ ತಮ್ಮದೇ ಮೆಟ್ಟಿಲ ಕೆಳಗಿನ ಜಿಪ್ ಅಮ್ಮ.

ಆಮೇಲೆ ಅದೇ ರೂಢಿಯಾಯಿತು. ಒಟ್ಟಿಗೆ ಬರುತ್ತಿರಲಿಲ್ಲ, ಪಕ್ಕದಲ್ಲಿ ಕೂರುತ್ತಿರಲಿಲ್ಲ, ನಡುವೆ ಒಂದು ಸ್ಟೂಲು ಬಿಟ್ಟು ಕೂತು ಇಬ್ಬರೂ ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದರು. ಅಂಗಡಿಯವನು ಮೂಲೆಯಿಂದ ಮೂಲೆಗೆ ಕತ್ತರಿಸುತ್ತಾನೆ, ಮೊಟ್ಟೆ ಯಾವಾಗಲೂ ಒಂದು ಕಡೆಗೇ ಜಾಸ್ತಿ ಸರಿಯುತ್ತದೆ. ಆ ತುಂಡಿನ ತಟ್ಟೆಯನ್ನು ಅವಳು ಬೆರಳಿಂದ ಇವನ ಕಡೆ ತಳ್ಳುತ್ತಿದ್ದಳು. ನೀನು ತಿನ್ನಪ್ಪ, ಬೆಳಿಗ್ಗೆಯಿಂದ ಮಾತಾಡಿ ಮಾತಾಡಿ ಸುಸ್ತಾಗಿರ್ತೀಯ ಎನ್ನುತ್ತಿದ್ದಳು. ಅವನು ಒಂದು ಸಲವೂ ಬೇಡ ಎಂದವನಲ್ಲ. ಒಂದು ದಿನ ಲಿಫ್ಟಿನಲ್ಲಿ ಸಿಕ್ಕಿಕೊಂಡ ಮುದುಕರೊಬ್ಬರು ಫೋನಿಡಲು ಬಿಡದೆ, ಅವನು ಬರುವಾಗ ಬಹಳ ತಡವಾಗಿತ್ತು. ಅವಳು ಖಾಲಿ ತಟ್ಟೆ ಮುಂದಿಟ್ಟುಕೊಂಡು ಕೂತೇ ಇದ್ದಳು. ಬೇರೆ ಯಾರೋ ಅರ್ಧ ಕೇಳಿ ಬಂದಿದ್ದರಂತೆ, ಇವಳು ಒಪ್ಪಲಿಲ್ಲವಂತೆ. ನನ್ನ ಜೊತೆಯವನು ಬರ್ತಾನೆ, ಅವನು ಬಂದಾಗ ಅರ್ಧ ಸಿಗದಿದ್ರೆ ಪಾಪ ಅಂದುಬಿಟ್ಟಳು ಎಂದು ಅಂಗಡಿಯವನು ನಗುತ್ತ ಹೇಳಿದ್ದ. ಅವತ್ತು ಅವನಿಗೆ ಖುಷಿಯಾಗಿತ್ತು, ಜೊತೆಗೇ ಯಾರಾದರೂ ಕೇಳಿಸಿಕೊಂಡರೇ ಎಂದು ಹಿಂದೆ ತಿರುಗಿಯೂ ನೋಡಿದ್ದ.

ಈಗ ಮೇಡಂ ಮುಂದೆ, ಅವನು ಹಿಂದೆ. ಅವಳೇನಾದರೂ ಇವತ್ತು ಬೇರೆ ಯಾರ ಜೊತೆಗಾದರೂ ತಿಂದು ಮುಗಿಸಿದ್ದರೆ ಎಂದು ಆಸೆಪಡುತ್ತ ಬಾಗಿಲು ದಾಟಿದ. ಹಲಗೆಯ ತುದಿಯಲ್ಲಿ ಅವಳು ಕೂತಿದ್ದಳು. ಮುಂದೆ ಖಾಲಿ ತಟ್ಟೆ. ಇವನನ್ನು ಕಂಡದ್ದೇ ಅವಳ ಮುಖ ಅರಳಿತು, ಸೆರಗಿನಿಂದ ಪಕ್ಕದ ಹಲಗೆಯನ್ನು ಒಂದು ಸಲ ಒರೆಸಿದಳು. ಅಂಗಡಿಯವನು ಚಾಕು ಎತ್ತಿಕೊಂಡೇ ಕೂಗಿದ.

“ಬನ್ನಿ ಬನ್ನಿ! ಒಂದು ಅರ್ಧ ಕಾಯ್ತಾ ಇದೆ!”

ಏನದು ಕಾಯುತ್ತಿರುವುದು ಎಂದು ಮೇಡಂ ಇವನ ಕಡೆ ತಿರುಗಿ ನಕ್ಕರು. ಆ ಒಂದು ಕ್ಷಣದಲ್ಲಿ ಅವನಿಗೆ ಆಫೀಸಿನ ಇಡೀ ಮಹಡಿ ಕಣ್ಣಮುಂದೆ ಬಂತು. ಮುಖ್ಯಸ್ಥನಾಗಬೇಕಾದವನು ಮೆಟ್ಟಿಲ ಕೆಳಗಿನವಳ ಜೊತೆ ಸ್ಯಾಂಡ್‌ವಿಚ್ ಪಾಲು ಮಾಡಿಕೊಂಡು ತಿನ್ನುತ್ತಾನಂತೆ ಎಂದು ಅಲ್ಲಿ ಹಲ್ಲು ಕಿರಿಯುತ್ತಿದ್ದರು. ಬೇರೆ ಯಾರಿಗೋ ಹೇಳುತ್ತಿರಬೇಕು ಮೇಡಂ ಎಂದು ಅವನು ಹೇಳಿದ. ತೊದಲಲಿಲ್ಲ, ಬೆವರಲಿಲ್ಲ. ದನಿ ತಾನಾಗಿ ಬಂತು, ನಮ್ಮ ಜನ ಆಗಲೇ ಹೊರಟಿದ್ದಾರೆ ಎನ್ನುವ ಅದೇ ದನಿ. ಗಲ್ಲಾದ ಮುಂದೆ ನಿಂತು, ಮೊಟ್ಟೆಯದು, ಪೂರ್ತಿ ಒಂದು ಕೊಡಿ ಎಂದ.

“ಪೂರ್ತಿನಾ?” ಅಂದ ಅಂಗಡಿಯವನು.

“ಹೂಂ. ಯಾವಾಗಲೂ ತಗೊಳ್ಳೋ ಹಾಗೆ.”

ಯಾವಾಗಲೂ ಎಂಬ ಮಾತು ಬೇಕಿರಲಿಲ್ಲ. ಪೂರ್ತಿ ಎಂದಷ್ಟೇ ಹೇಳಿದ್ದರೆ ಅದು ಇವತ್ತೊಂದು ದಿನದ ಹಸಿವಾಗುತ್ತಿತ್ತು. ನಾಳೆ ನಾಚಿಕೊಂಡು ನಕ್ಕು ಸರಿಮಾಡಬಹುದಾಗಿತ್ತು. ಯಾವಾಗಲೂ ಎಂದದ್ದರಿಂದ ಅಷ್ಟು ದಿನವೂ ಅವಳ ಜೊತೆ ಅರ್ಧ ತಿಂದವನು ಯಾರೂ ಅಲ್ಲ ಎಂದಾಗಿಹೋಯಿತು. ಅಂಗಡಿಯವನು ಇವನನ್ನು ನೋಡಿದ, ಹಲಗೆಯ ತುದಿಯನ್ನು ನೋಡಿದ. ಊರಿಗೆಲ್ಲ ಕೇಳುವಂತೆ ಮಾತಾಡುವ ಮನುಷ್ಯ, ಏನಾದರೂ ಕುಹಕವಾಡಿ ಮಾನ ಕಳೆಯುತ್ತಾನೆಂದು ಇವನು ಹಲ್ಲು ಕಚ್ಚಿ ನಿಂತಿದ್ದರೆ, ಅವನು ಏನೂ ಹೇಳದೆ ಬ್ರೆಡ್ಡಿಗೆ ಬೆಣ್ಣೆ ಸವರತೊಡಗಿದ. ಬೈದಿದ್ದರೂ ಇಷ್ಟು ಹಿಂಸೆಯಾಗುತ್ತಿರಲಿಲ್ಲ. ಬೆನ್ನ ಹಿಂದೆ ಸ್ಟೂಲು ಸರಿದ ಸದ್ದಾಯಿತು. ಅವಳು ಖಾಲಿ ತಟ್ಟೆಯನ್ನು ಎರಡೂ ಕೈಯಲ್ಲಿ ತಂದು ಗಲ್ಲಾದ ಮೇಲಿಟ್ಟು, ಬಾಗಿಲಿಗೆ ಅಡ್ಡ ನಿಂತಿದ್ದ ಇವನಿಗೆ, ಸ್ವಲ್ಪ ಜರುಗಿ ಎಂದಳು. ಗುರುತು ಪರಿಚಯವಿಲ್ಲದವರಿಗೆ ಹೇಳುವ ಹಾಗೆ, ಮೆತ್ತಗೆ. ಇವನು ಜರುಗಿದ.

ಚಿಕ್ಕವನಿದ್ದಾಗಿನ ಅದೇ ವಾಸನೆ. ಊಟದ ಕೋಣೆಯ ಹಸಿ ಬಣ್ಣದ ವಾಸನೆ ಶರ್ಟಿಗೇ ಮೆತ್ತಿಕೊಂಡು ಇಲ್ಲಿಯ ತನಕ ಬಂದಿತ್ತು. ಅಪ್ಪ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ ಮಾಡುತ್ತಿದ್ದ, ರಜಾ ದಿನಗಳಲ್ಲಿ ಇವನನ್ನೂ ತಂಗಿಯನ್ನೂ ಜೊತೆಗೆ ಕರೆದೊಯ್ಯುತ್ತಿದ್ದ. ಆ ಮನೆಯವರು ಊಟಕ್ಕೆ ಕೂರುವಾಗ, ಮಕ್ಕಳೇ ಬನ್ನಿ ಎಂದರೆ, ನಮ್ದು ಆಯ್ತು, ಈಗ ತಾನೇ ಊಟ ಆಯ್ತು ಎನ್ನಬೇಕೆಂದು ದಾರಿಯುದ್ದಕ್ಕೂ ಹೇಳಿಕೊಡುತ್ತಿದ್ದ. ಇನ್ನೊಬ್ಬರ ತಟ್ಟೆಗೆ ಕೈ ಹಾಕಿದರೆ ಮರ್ಯಾದೆ ಹೋಗುತ್ತದೆ ಎನ್ನುತ್ತಿದ್ದ. ಇವನು ಆ ಮಾತನ್ನು ಚೆನ್ನಾಗಿ ಹೇಳುತ್ತಿದ್ದ, ಹೊಟ್ಟೆಯ ಮೇಲೆ ಕೈ ಕೂಡ ಆಡಿಸುತ್ತಿದ್ದ, ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಒಂದು ದಿನ ತಂಗಿ, ಅಣ್ಣ ಸುಳ್ಳು ಹೇಳ್ತಿದಾನೆ, ನಮ್ದಿನ್ನೂ ಆಗಿಲ್ಲ ಎಂದುಬಿಟ್ಟಳು. ಆ ಮನೆಯಾಕೆ ನಗುತ್ತ ಅವಳ ಕೈ ತೊಳೆಸಿ ಕೂರಿಸಿಕೊಂಡರು. ನೀನೂ ಬಾರೋ ಎಂದು ಇವನನ್ನೂ ಕರೆದರು. ಹೇಳಿದ ಸುಳ್ಳಿಗೆ ಕಟ್ಟುಬಿದ್ದು ಇವನು ಬಣ್ಣದ ಡಬ್ಬಿ ಹಿಡಿದು ನಿಂತೇ ಇದ್ದ, ಅಪ್ಪನೋ, ತಾನು ಆಗಲೇ ಬಳಿದು ಮುಗಿಸಿದ್ದ ಗೋಡೆಯನ್ನೇ ಮತ್ತೆ ಮತ್ತೆ ಬಳಿಯುತ್ತಿದ್ದ. ತಂಗಿ ಉಂಡಳು, ಅವಳ ಮರ್ಯಾದೆ ಎಲ್ಲೂ ಹೋಗಲಿಲ್ಲ. ಇವತ್ತಿಗೂ ಅವಳು ಎಲ್ಲರ ಮನೆಯಲ್ಲೂ ಕೇಳಿ ಬಡಿಸಿಕೊಂಡು ಉಣ್ಣುತ್ತಾಳೆ, ಎಲ್ಲರಿಗೂ ಅವಳೆಂದರೆ ಪ್ರೀತಿ.

ತುಂಬಾ ಚೆನ್ನಾಗಿದೆ ಅಲ್ಲವಾ ಎಂದು ಮೇಡಂ ಕೇಳಿದಾಗ ಅವನು ತಲೆಯಾಡಿಸಿದ. ಹಲಗೆಯ ಅದೇ ತುದಿಯಲ್ಲಿ, ಅವಳು ಒರೆಸಿಟ್ಟ ಜಾಗದಲ್ಲಿ ಅವನ ತಟ್ಟೆಯಿತ್ತು. ಪೂರ್ತಿಯನ್ನೂ ಅಂಗಡಿಯವನು ಮೂಲೆಯಿಂದ ಮೂಲೆಗೆ ಕತ್ತರಿಸಿಯೇ ಕೊಡುತ್ತಾನೆ, ಮೊಟ್ಟೆ ಒಂದು ಕಡೆಗೇ ಸರಿದಿತ್ತು. ಅವನು ಕಡಿಮೆ ಇದ್ದ ತುಂಡನ್ನು ತಿಂದ. ಅಷ್ಟಕ್ಕೇ ಹೊಟ್ಟೆ ತುಂಬಿತು. ಮೇಡಂ ಕೂಡ ಅರ್ಧಕ್ಕೇ ನಿಲ್ಲಿಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದರು. ಜೊತೆ ಸಿಕ್ಕರೆ ಅರ್ಧವೂ ಸಿಗುತ್ತದೆ. ಏನಿದು ಎಂದು ಕೇಳಿದ್ದಕ್ಕೆ ಅಂಗಡಿಯವನು ತನ್ನ ಕಟ್ಟಳೆ ವಿವರಿಸಿದ. ಮೇಡಂಗೆ ಸಂತೋಷವೋ ಸಂತೋಷ.

“ಅಯ್ಯೋ, ಮೊದಲೇ ಹೇಳಬಾರದಾ? ನಂಗೆ ಯಾವತ್ತೂ ಪೂರ್ತಿ ಮುಗಿಯಲ್ಲ. ಈಗ ಎದ್ದು ಹೋದ್ರಲ್ಲ ಆ ಅಮ್ಮ, ಅವರು ಅರ್ಧಕ್ಕೇ ಕಾಯ್ತಿದ್ರಾ?”

“ಹೌದು ಮೇಡಂ,” ಎಂದ ಅಂಗಡಿಯವನು, ಚಾಕು ಒರೆಸುತ್ತ. “ಅವರ ಜೊತೆಯವರು ಇವತ್ತು ಬರಲಿಲ್ಲ.”

ಇವನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದು ಉಪಕಾರ, ಆ ಉಪಕಾರವನ್ನು ಹೊತ್ತುಕೊಂಡು ಇನ್ನು ಈ ಅಂಗಡಿಗೆ ಹೇಗೆ ಬರುವುದು ಎಂದು ಅವನಿಗೆ ತಿಳಿಯಲಿಲ್ಲ. ಉಳಿದ ತುಂಡನ್ನು ಕಟ್ಟಿಕೊಡಿ ಎಂದು ಕೇಳಿದಾಗ ಅವನದೇ ದನಿ ಅವನಿಗೆ ಕೇಳಿಸಲಿಲ್ಲ. ಅಂಗಡಿಯವನು ಕಾಗದದಲ್ಲಿ ನೀಟಾಗಿ ಸುತ್ತಿ ಕೈಗಿಟ್ಟ.

ವಾಪಸು ಬರುವ ದಾರಿಯಲ್ಲಿ ಮೇಡಂ ಹೇಳಬೇಕಾದ್ದನ್ನು ಹೇಳಿದರು. ಮುಂದಿನ ವಾರದಿಂದ ವಿಭಾಗವನ್ನು ನೀವೇ ನೋಡಿಕೊಳ್ಳಿ, ನಾನು ಎಲ್ಲರ ಕರೆಗಳನ್ನೂ ಕೇಳಿಸಿಕೊಂಡಿದ್ದೇನೆ, ನಿಮ್ಮ ಹಾಗೆ ಯಾರೂ ಹೇಳುವುದಿಲ್ಲ, ನೀವು ಹೇಳಿದರೆ ಯಾರಿಗೂ ಅನುಮಾನವೇ ಬರುವುದಿಲ್ಲ ಎಂದರು. ನಿನ್ನೆಯಾಗಿದ್ದರೆ ಇದನ್ನು ಕೇಳಿ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಈಗ ಥ್ಯಾಂಕ್ಸ್ ಮೇಡಂ ಎಂದ. ಪೊಟ್ಟಣವನ್ನು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಾಯಿಸಿದ. ಬ್ರೆಡ್ಡು ಇನ್ನೂ ಬೆಚ್ಚಗಿತ್ತು. ಆಫೀಸಿನ ಬಾಗಿಲಿಗೆ ಬಂದಾಗ, ಬೂಟಿನ ಲೇಸು ಬಿಚ್ಚಿದೆ, ನೀವು ಹೋಗಿರಿ ಎಂದು ಬಗ್ಗಿದ. ಮೇಡಂ ಹೆಜ್ಜೆಯ ಸದ್ದು ಮೇಲೆ ಹೋಗಿ ಬಾಗಿಲಿನ ಸದ್ದಾಗುವ ತನಕ ಬಗ್ಗಿಯೇ ಇದ್ದ.

ಜಿಪ್ ಅಮ್ಮ ಮಕ್ಕಳ ಬ್ಯಾಗೊಂದನ್ನು ಮಡಿಲಲ್ಲಿಟ್ಟುಕೊಂಡು ಜಿಪ್ಪಿನ ಹಲ್ಲುಗಳಿಗೆ ಮೇಣ ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ. ಅವನು ಹೇಳಬೇಕೆಂದಿದ್ದ ಮಾತು ಬಹಳ ಸರಳವಾಗಿತ್ತು. ತಪ್ಪಾಯ್ತು, ಆ ಮೇಡಂ ಮುಂದೆ ನಂಗೆ ನಾಚಿಕೆ ಆಯ್ತು. ಬಾಯಿಗೆ ಬಂದದ್ದು ಬೇರೆ.

“ಅಮ್ಮಾ, ಇದು... ಉಳೀತು.”

ಉಳೀತು! ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡ. ಅವಳು ಮೇಣದ ತುಂಡನ್ನು ಕೆಳಗಿಟ್ಟು, ಪೊಟ್ಟಣವನ್ನು ನೋಡಿ, ಅವನ ಮುಖ ನೋಡಿದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅದನ್ನು ಹಿಡಿದುಕೊಂಡಾದರೂ ಕ್ಷಮೆ ಕೇಳಬಹುದಾಗಿತ್ತು.

“ನಂದು ಆಯ್ತು ಸಾರ್,” ಎಂದಳು. “ಈಗ ತಾನೇ ಊಟ ಆಯ್ತು.”

ಒಂದು ಕೈಯನ್ನು ಹೊಟ್ಟೆಯ ಮೇಲೆ ಆಡಿಸಿದಳು ಕೂಡ. ಆ ಮಾತಿನ ಒಳಗೂ ಹೊರಗೂ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸುಳ್ಳು ಹೇಳಬೇಡಿ, ನೀವು ಇನ್ನೂ ಉಂಡಿಲ್ಲ ಎನ್ನಬಹುದಾಗಿತ್ತು, ತಂಗಿಯಾಗಿದ್ದರೆ ಅಂದೇಬಿಡುತ್ತಿದ್ದಳು. ಆದರೆ ಹಾಗೆನ್ನಬೇಕಾದರೆ ಅವಳು ಉಂಡಿಲ್ಲವೆಂದು ತನಗೆ ಹೇಗೆ ಗೊತ್ತು ಎಂಬುದನ್ನೂ ಹೇಳಬೇಕು. ಅವಳು ಕಾಯುತ್ತಿದ್ದದ್ದು ತನಗಾಗಿ ಎಂದು ಹೇಳಬೇಕು. ಓ, ಸರಿ ಸರಿ ಎಂದ ಅವನು, ಅದೇ ದನಿಯಲ್ಲಿ, ಮತ್ತು ಮೆಟ್ಟಿಲು ಹತ್ತತೊಡಗಿದ.

ಮೊದಲ ತಿರುವಿನಲ್ಲಿ ನಿಂತ. ಅಲ್ಲೊಂದು ಕಸದ ಡಬ್ಬಿಯಿತ್ತು. ಅದರ ಮುಚ್ಚಳ ಎತ್ತಿದ, ಪೊಟ್ಟಣವನ್ನು ಒಳಗೆ ಇಳಿಸಿದ, ಕೈ ಬಿಡಲಾಗದೆ ಹಿಂದಕ್ಕೆ ತೆಗೆದ. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಅಪ್ಪ ಅದನ್ನು ಬೆರಳಲ್ಲಿ ಒತ್ತಿ ಬಾಯಿಗಿಟ್ಟುಕೊಳ್ಳುತ್ತಿದ್ದ. ಮೇಲೆ ಒಯ್ದರೆ ಮೇಜಿನ ಮೇಲಿಟ್ಟುಕೊಂಡು ಸಂಜೆಯವರೆಗೆ ಅದರ ಮುಖ ನೋಡುತ್ತ ಕೂರಬೇಕು. ಮನೆಗೆ ಒಯ್ದರೆ ಹೆಂಡತಿ, ಇದೆಲ್ಲಿಯದು ಎನ್ನುತ್ತಾಳೆ. ಅವನು ಮೆಟ್ಟಿಲ ಮೇಲೆ ಕೂತು ಕಾಗದ ಬಿಚ್ಚಿ ತಿನ್ನತೊಡಗಿದ. ಹಸಿವಿರಲಿಲ್ಲ. ಮೊಟ್ಟೆ ಜಾಸ್ತಿಯಿದ್ದ ತುಂಡು ಅದು, ಅವಳು ದಿನವೂ ಬೆರಳಿಂದ ತನ್ನ ಕಡೆ ತಳ್ಳುತ್ತಿದ್ದದ್ದು. ಎರಡು ತುತ್ತು ಇಳಿದ ಮೇಲೆ, ತಾನು ಕೂತ ಮೆಟ್ಟಿಲು ಸರಿಯಾಗಿ ಅವಳ ತಲೆಯ ಮೇಲಿದೆ ಎಂದು ಹೊಳೆಯಿತು. ಕೆಳಗೆ ಜಿಪ್ಪು ಎಳೆಯುವ ಸದ್ದು ನಿಂತಿತ್ತು. ಕಾಗದ ಸರಪರ ಅನ್ನುವುದು, ತಾನು ಅಗಿಯುವುದು, ನುಂಗುವುದು ಎಲ್ಲ ಅವಳಿಗೆ ಕೇಳಿಸುತ್ತಿರಬೇಕು. ಬೇಗ ಮುಗಿಸಿಬಿಡಬೇಕೆಂದು ಉಳಿದದ್ದನ್ನೆಲ್ಲ ಬಾಯಿಗೆ ತುರುಕಿದ. ಒಣಗತೊಡಗಿದ್ದ ಅಂಚು ಗಂಟಲಿಗೆ ಅಡ್ಡವಾಗಿ ನಿಂತಿತು. ಕೆಮ್ಮು ಹತ್ತಿತು, ಬಾಯಿ ಮುಚ್ಚಿ ಹಿಡಿದಷ್ಟೂ ಜೋರಾಯಿತು, ಕಣ್ಣಲ್ಲಿ ನೀರು ಸುರಿಯಿತು, ಉಸಿರು ಕಟ್ಟಿತು.

ಅವಳು ಯಾವಾಗ ಎದ್ದು ಬಂದಳೋ ಗೊತ್ತಾಗಲಿಲ್ಲ. ಅವಳು ನಿಂತದ್ದನ್ನು ಅವನು ನೋಡಿದ್ದು ಕಡಿಮೆ, ನಿಂತರೆ ತನಗಿಂತ ಎತ್ತರವಿದ್ದಾಳೆ ಎಂದು ಈಗ ಕಂಡಿತು. ಬೆನ್ನಿಗೆ ಎರಡು ಗುದ್ದು ಕೊಟ್ಟು, ಮುಚ್ಚಳ ತೆಗೆದ ನೀರಿನ ಬಾಟಲಿಯನ್ನು ಅವನ ಕೈಗೆ ಹಿಡಿಸಿದಳು. ಅವನು ಗಟಗಟನೆ ಕುಡಿದ. ತುತ್ತು ಇಳಿಯಿತು, ಉಸಿರು ಬಂತು, ಆದರೂ ಮುಖ ತೋರಿಸಲಾಗದೆ ಬಾಟಲಿಯನ್ನು ಬಾಯಿಂದ ಇಳಿಸದೆ ಕುಡಿಯುತ್ತಲೇ ಇದ್ದ. ಬಾಟಲಿ ಇಳಿಸಿದರೆ ಅವಳಿಗೆ ಏನಾದರೂ ಹೇಳಬೇಕಾಗುತ್ತದೆ.

“ಸಾಕಪ್ಪ, ಪೂರ್ತಿ ಕುಡಿಬೇಡ,” ಎಂದಳು ಅವಳು. “ಅರ್ಧ ಇಡು. ಸಾಯಂಕಾಲದ ತನಕ ನಂಗೆ ಇರೋದು ಅದೊಂದೇ.”

ಅವನು ಬಾಟಲಿಯನ್ನು ಬಾಯಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದ. ನೀರು ತಳ ಮುಟ್ಟಿತ್ತು.